ಅಂಟು ಅತ್ತಿಗೆ
ಕಣ್ಣು ಕಾಣದ ನಮ್ಮ ಅತ್ತಿಗೆಗೆ ಮನೆಮಂದಿ ಇಟ್ಟ ಹೆಸರು ಅಂಟು ಅತ್ತಿಗೆ. ಮಡಿಲಲ್ಲಿ ಸದಾ ಟ್ಯಾಬು, ಅದರೊಳಗೆ ಪರದೆ ಓದಿ ಹೇಳುವ ಹೆಣ್ಣುದನಿ. "ಮೆಲ್ಲಗೆ ಓದೇ ತಾಯಿ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಎಂದು ಅದನ್ನೂ ಗದರುತ್ತಾರೆ. ಯಾರೋ ಕಳಿಸಿದ ಚೆಂದದ ಮಾತು ಕಿವಿಗೆ ಬಿದ್ದರೆ ಸಾಕು, ಬೆರಳೊತ್ತಿ ನಕಲು ಮಾಡಿ ಬಳಗಕ್ಕೆಲ್ಲ ಅಂಟಿಸಿಬಿಡುತ್ತಾರೆ. ಹಲ್ಲು ಕೀಳಿಸಿಕೊಂಡು ಮಲಗಿದ್ದ ನನಗೆ ಒಮ್ಮೆ ಮದುವೆಯ ಹಾರೈಕೆ ಬಂತು. ಕೇಳಿದರೆ, "ಹೊಸದು ನಕಲಾಗ್ಲಿಲ್ಲ ಅಂತ ಟ್ಯಾಬಿನೊಳಗಿನ ಇವಳು ಬಾಯೇ ಬಿಡ್ಲಿಲ್ಲ ಕಣೋ ಮೈದುನ, ಹಳೇದೇ ಅಂಟ್ಕೊಂಡ್ತು" ಎಂದರು. ಮೊನ್ನೆ ಅವರ ತಂಗಿಯ ಗಂಡ ತೀರಿಕೊಂಡರು. ತಂಗಿ ಬಾಗಿಲು ಹಾಕಿಕೊಂಡು ಕೂತಳು, ಯಾರ ಫೋನನ್ನೂ ಎತ್ತಲಿಲ್ಲ. ಬಳಗದವರ ಸಂತಾಪದ ಮಾತುಗಳು ಟ್ಯಾಬಿನಲ್ಲಿ ರಾಶಿ ಬಿದ್ದವು. ಅತ್ತಿಗೆ ಒಂದನ್ನೂ ನಕಲು ಮಾಡಲಿಲ್ಲ. ಒಂದೊಂದೇ ಅಕ್ಷರವನ್ನು ತಡವಿ, ಕೇಳಿಸಿಕೊಂಡು, ಮಧ್ಯಾಹ್ನವೆಲ್ಲ ಕೂತು ಬರೆದರು: "ನಾನೇ ಕಣೇ ಬರೀತಿರೋದು. ಫೋನ್ ಎತ್ತು." ತಂಗಿ ಎತ್ತಿದಳು.