ಕಂಪ್ಯೂಟರಿಗೆ ಉಡಿ ತುಂಬಿದ್ದು

ನಮ್ಮ ಅಪ್ಪನಿಗೆ ವಸ್ತು ಯಾವುದೇ ಇರಲಿ, ದೊಡ್ಡದೇ ಬೇಕು. ಸೋಲಾಪುರದ ನಮ್ಮ ಮನೆಯ ಮುದಿ ಕಂಪ್ಯೂಟರಿಗೂ ಅವರು ತಂದದ್ದು ಅಂಗಡಿಯಲ್ಲಿದ್ದ ಅತಿ ದೊಡ್ಡ ಹಾರ್ಡ್ ಡಿಸ್ಕ್. ಯಂತ್ರ ಅದರ ಒಂದು ಮೂಲೆಯನ್ನಷ್ಟೇ ಗುರುತಿಸಿ, ಉಳಿದ ಜಾಗ ಇಲ್ಲವೇ ಇಲ್ಲವೆಂದು ಹಟ ಹಿಡಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಹಾಸಿಗೆ ಉದ್ದವಿತ್ತು, ಕಾಲೇ ಗಿಡ್ಡ.

ಅವ್ವನಿಗೆ ಆ ಮೂಲೆಯೇ ಸಾಕಿತ್ತು. ಆ ವರ್ಷ ಅವಳ ತಾಯಿ, ನಮ್ಮಜ್ಜಿ, ತೀರಿಕೊಂಡಿದ್ದಳು. ಅಜ್ಜಿಯ ಬೀಸುಕಲ್ಲಿನ ಹಾಡು ಉಳಿದದ್ದು ಅಕ್ಕಲಕೋಟೆಯ ಸೋದರಮಾವನ ಕಂಪ್ಯೂಟರಿನಲ್ಲಿ ಮಾತ್ರ. ಹಾಡು ಮುಗಿದ ಮೇಲೂ ಮಾವ ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತಿದ್ದ. ಫೈಲು ಉಬ್ಬಿ, ಫ್ಲಾಪಿಯಲ್ಲಿ ಹಿಡಿಯದಷ್ಟಾಗಿತ್ತು. ಆ ಕಂಪ್ಯೂಟರೂ ಈಗ ಇಂದೋ ನಾಳೆಯೋ ಎನ್ನುವಂತಿತ್ತು.

ಹೀಗಾಗಿ ನಮ್ಮ ಸಿಪಿಯು ಡಬ್ಬಿಯನ್ನು ಚಾದರದಲ್ಲಿ ಸುತ್ತಿಕೊಂಡು ಎಸ್‌ಟಿ ಬಸ್ಸು ಹತ್ತಿದೆವು. ಅವ್ವ ಅದನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದಿದ್ದಳು. ಮಾವ ಎರಡೂ ಯಂತ್ರಗಳ ನಡುವೆ ಕೇಬಲ್ ಜೋಡಿಸಿ, ಫೈಲು ಸಾಗಿಸುವ ಪ್ರೋಗ್ರಾಮ್ ಹಚ್ಚಿದ. ಮಧ್ಯಾಹ್ನವೆಲ್ಲ ತೆವಳಿ ತೆವಳಿ ಅಜ್ಜಿ ನಮ್ಮ ಡಬ್ಬಿಗೆ ಬಂದಳು.

ಹೊರಡುವಾಗ ಮಾವನ ಹೆಂಡತಿ, ನಮ್ಮತ್ತೆ, ಅಡ್ಡ ಬಂದಳು. "ತವರಮನಿಯಿಂದ ಬರೀ ಉಡೀಲೆ ಹೋಗಬಾರದರಿ ಅಕ್ಕಾರ, ತುಸು ಕೂಡ್ರಿ."

ಅವ್ವ ತೊಡೆಯ ಮೇಲಿನ ಡಬ್ಬಿ ಇಳಿಸಲು ಒಪ್ಪಲಿಲ್ಲ, ಅತ್ತೆ ಉಡಿ ತುಂಬುವ ಪದ್ಧತಿ ಬಿಡಲು ಒಪ್ಪಲಿಲ್ಲ. ಸೆರಗಿಗೆ ಬೀಳಬೇಕಾದ ಅಕ್ಕಿ, ಕೊಬ್ಬರಿ, ಅರಿಶಿನ ಎಲ್ಲ ಡಬ್ಬಿಯ ಮೇಲೇ ಬಿತ್ತು.

ಮನೆಗೆ ಬಂದು ಚಾಲೂ ಮಾಡಿದರೆ ಒಳಗೆ ಕಟಕಟ ಸದ್ದು. ಅವ್ವನ ಮುಖ ಬಿಳುಚಿತು. "ನಮ್ಮವ್ವನ ದನಿ ಹೋತಲ್ಲರಿ!"

ಅಪ್ಪ ಡಬ್ಬಿ ಬಿಚ್ಚಿ ಬೋರಲು ಹಾಕಿದರು. ಫ್ಯಾನಿನೊಳಗಿಂದ ಅಕ್ಕಿ ಉದುರಿತು. ನಾನು ನಕ್ಕು ಬೈಸಿಕೊಂಡೆ. ಮತ್ತೆ ಹಚ್ಚಿದಾಗ ಅಜ್ಜಿ ಚೆನ್ನಾಗಿಯೇ ಹಾಡಿದಳು. ಹಾಡು ಮುಗಿದದ್ದೇ ತಡ, ಅಂದು ಅಲ್ಲೇ ಇದ್ದ ಮಗಳ ಮೇಲೆ, ಅಂದರೆ ನಮ್ಮವ್ವನ ಮೇಲೆ, ಹರಿಹಾಯ್ದಳು: "ಎಲ್ಲಾರಿಗೂ ನೀಡಿ ನೀ ಹಂಗ ಕುಂತೀಯೇನಬೇ? ಉಣ್ಣ ಮೊದಲ, ಹುಚ್ಚಿ!" ಬೈಗುಳ ಹಾಡಿಗಿಂತ ಬಹಳ ಉದ್ದವಿತ್ತು.

ಅಪ್ಪ ಮೌಸ್ ಹಿಡಿದರು. "ಭಾಳ ಜಾಗಾ ತಿಂತದ. ಬೈಗಳಾ ಕತ್ತರಸ್ತೀನಿ, ಹಾಡ ಅಷ್ಟ ಇರಲಿ."

"ಬೇಕಾದ್ರ ಹಾಡ ತಗೀರಿ," ಅಂದಳು ಅವ್ವ. "ನಾ ಉಂಡಿಲ್ಲ ಅಂತ ಸಿಟ್ಟಿಗೇಳೋರು ಈ ಮನ್ಯಾಗ ಯಾರದಾರ?"

ಅಪ್ಪ ಮೌಸ್ ಬಿಟ್ಟು ಅಡುಗೆಮನೆಗೆ ಹೋದರು. ಊಟದ ತಾಟು ಎಲ್ಲಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.