ಏನಾಯಿತೆಂದು ಕೇಳದ ಮೇಡಂ

ನಮ್ಮ ಕಡೆ ಯಾರಿಗಾದರೂ ಆಕ್ಸಿಡೆಂಟ್ ಆದರೆ ಹೋಗಿ ಮಾತಾಡಿಸಿ ಬರದಿದ್ದರೆ ದೊಡ್ಡ ತಪ್ಪು. ನಾನು ಕುಲಗೋಡದ ಶಾಲೆಯಲ್ಲಿ ಟೀಚರ್. ಒಂದು ದಿನ ಸ್ಕೂಟಿ ಮೇಲೆ ಹೋಗುತ್ತಿದ್ದಾಗ ಪಕ್ಕದಲ್ಲೇ ಟ್ರ್ಯಾಕ್ಟರಿನ ಕಬ್ಬಿನ ಟ್ರೇಲರ್ ಮಗುಚಿ, ಆ ಕಬ್ಬಿನಡಿ ಸಿಕ್ಕಿಬಿದ್ದೆ. ಪುಣ್ಯಕ್ಕೆ ಕಾಲು ಮಾತ್ರ ಮುರಿದಿತ್ತು. ಮೂಡಲಗಿಯ ನಮ್ಮ ಮನೆಗೆ ಬಳಗವೆಲ್ಲ ಬಿಸ್ಕೀಟು, ಬಾಳೆಹಣ್ಣು ಹಿಡಿದು ಬಂತು. ಬಂದವರೆಲ್ಲ ಹೆಂಗಾಯಿತು ಎಂದು ಮೊದಲಿನಿಂದ ಹೇಳಿಸುವವರೇ. ನಾನು ಬಿಟ್ಟದ್ದನ್ನು ಅತ್ತೆ ನೆನಪಿಸಿ ಕೊಡುತ್ತಿದ್ದರು. ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದಂತೆ. ಹಗುರ ಎಲ್ಲಿಂದ ಬಂತು! ಹೇಳಿದಾಗಲೆಲ್ಲ ಕಬ್ಬು ಮತ್ತೆ ಮೈಮೇಲೆ ಬೀಳುತ್ತಿತ್ತು. ಕಾಲು ಕೂಡಿದರೂ ಟ್ರ್ಯಾಕ್ಟರ್ ಸದ್ದು ಕೇಳಿದರೆ ಕೈಕಾಲು ತಣ್ಣಗಾಗುತ್ತಿದ್ದವು. ನೌಕರಿ ಬಿಡುವುದೇ ಲೇಸು ಎಂಬ ಮಾತು ಮನೆಯಲ್ಲಿ ಶುರುವಾದಾಗ ನಾನು ಒಪ್ಪಲಿಲ್ಲ.

ಗೋಕಾಕದಲ್ಲಿ ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಮಾಡುವ ಮೇಡಂ ಒಬ್ಬರಿದ್ದರು. ಅವರ ಹತ್ತಿರ ಹೋದೆ. ಕಥೆ ಬಾಯಿಪಾಠವಾಗಿತ್ತಲ್ಲ, ಕುಳಿತವಳೇ ಶುರು ಮಾಡಿದೆ. ಅವರು ನಯವಾಗಿ ತಡೆದರು.

“ಅದನ್ನ ಇವತ್ತ ಹೇಳೂದ ಬ್ಯಾಡ್ರಿ. ನಿಮಗ ಹೇಳಬೇಕು ಅನಿಸಿದಾಗ ಹೇಳ್ರಿ.”

ಪಾದ ನೆಲಕ್ಕೂರಿ, ಕೋಣೆಯಲ್ಲಿ ಕಣ್ಣಿಗೆ ಹಿತವಾದದ್ದು ಏನಿದೆ ನೋಡಿ ಎಂದರು. ಕಿಟಕಿಯಲ್ಲಿ ಬೆಕ್ಕೊಂದು ಮಲಗಿತ್ತು. ಬೆಕ್ಕು ನೋಡಲು ಗೋಕಾಕದವರೆಗೆ ಬರಬೇಕಿತ್ತೇ ಎಂದು ಸಿಟ್ಟು ನೆತ್ತಿಗೇರಿತು. ಆದರೆ ಎಷ್ಟೋ ದಿನಗಳ ಮೇಲೆ ಅಂದು ಗಡದ್ದಾಗಿ ನಿದ್ದೆ ಬಂತು. ಮುಂದಿನ ಸಲಗಳಲ್ಲಿ ಫೋನಿನಿಂದ ಟ್ರ್ಯಾಕ್ಟರ್ ಸದ್ದನ್ನು ಸಣ್ಣಗೆ ಕೇಳಿಸಿದರು. ನಾನು ಸಾಕು ಅಂದರೆ ಸಾಕು. ಮತ್ತೆ ಪಾದ, ಮತ್ತೆ ಉಸಿರು. ಅವಸರವೇ ಇಲ್ಲ.

ಇನ್ನು ಮೇಲೆ ಬಂದವರ ಮುಂದೆ ಹೇಳುವುದಿಲ್ಲ ಎಂದಾಗ ಅತ್ತೆ ಮುಖ ಊದಿಸಿಕೊಂಡರು. ಬಂದವರು ಏನೆಂದುಕೊಂಡಾರು ಎಂಬುದೇ ಅವರ ಚಿಂತೆ. ಆದರೂ ಹುಕ್ಕೇರಿಯ ಬೀಗರು ಬಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಉಂಡಿಯ ತಾಟು ಮುಂದೆ ಹಿಡಿದರು.

“ಅದೊಂದ ಕೇಳಬ್ಯಾಡ್ರಿ. ಉಂಡಿ ತಿನ್ರಿ.”

ಬೀಗರು ಪಾಪ, ಬಂದ ಕೆಲಸ ಮರೆತು ನಾಲ್ಕು ಉಂಡಿ ತಿಂದರು. ನಾನು ಬಿದ್ದು ಬಿದ್ದು ನಕ್ಕೆ.

ಕಬ್ಬಿನ ಹಂಗಾಮು ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಶಾಲೆಗೆಂದು ಸ್ಕೂಟಿ ತೆಗೆದೆ. ಕುಲಗೋಡದ ದಾರಿಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರ್ ಎದುರು ಬಂತು. ಬದಿಗೆ ನಿಂತುಬಿಟ್ಟೆ. ನನ್ನ ಮುಖ ನೋಡಿ ಡ್ರೈವರ್ ಟ್ರ್ಯಾಕ್ಟರ್ ನಿಲ್ಲಿಸಿ, ಹಾಡು ಬಂದ್ ಮಾಡಿ, ದಾಟಿ ಹೋಗಿ ಎಂದು ಕೈ ಮಾಡಿದ. ಎದೆ ಡವಡವ ಅನ್ನುತ್ತಿತ್ತು. ಕೈಕಾಲು ಮಾತ್ರ ಬೆಚ್ಚಗಿದ್ದವು.

“ಬ್ಯಾಡಪಾ, ನೀನ ಮೊದಲ ಹೋಗು,” ಎಂದೆ. “ಹಾಡ ಹಚ್ಚಕೊಂಡ ಹೋಗು.”

ಅವನು ಹಾಗೇ ಹೋದ. ಕಬ್ಬಿನ ಗರಿ ತೋಳಿಗೆ ತಾಗಿಯೇ ಹೋಯಿತು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ನಾನು ಶಾಲೆಯಲ್ಲಿದ್ದೆ.