ಹಿಡಿಸೂಡಿ ಕಡ್ಡಿಗೆ ಹೇಳಿಕೊಂಡ ಹರಕೆ

ಐವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಹಿಡಿಸೂಡಿಯ, ಎಂದರೆ ತೆಂಗಿನ ಗರಿಯ ಪೊರಕೆಯ, ಕಡ್ಡಿಯೊಂದನ್ನು ಹಿಡಿದುಕೊಂಡು ರಾಕ್ಷಸರನ್ನು ಹೊಡೆಯಲು ಹೋಗುತ್ತಾಳೆ ಎಂದು ಕೇಳಿದರೆ ನೀವು ಅವಳ ಮನೆಯವರಿಗೆ ಫೋನ್ ಮಾಡುತ್ತೀರಿ. ಮಾಡಬೇಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ಅಮ್ಮ ಮಾತ್ರ ಪ್ರತಿ ಸಲ ಹೊರಡುವಾಗ ಕಡ್ಡಿಯನ್ನು ನೋಡಿ ಮುಖ ಗಂಟಿಕ್ಕುತ್ತಾರೆ. ಹೊಸ ಹಿಡಿಸೂಡಿಯಿಂದ ಎಳೆದದ್ದಕ್ಕೆ ಕೋಪ ಎಂದು ನಾನು ಬಹಳ ದಿನ ತಿಳಿದಿದ್ದೆ.

ಈ ಹುಚ್ಚು ಹಿಡಿಸಿದವನು ರಿಜ್ವಾನ್, ಪಡೀಲಿನ ನಮ್ಮ ಮನೆಯ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಗಲ್ಫಿನಿಂದ ಬರುವವರು ಸೆಂಟು, ಕಂಬಳಿ, ಖರ್ಜೂರ ತರುತ್ತಾರೆ. ಇವನು ಶಾರ್ಜಾದಿಂದ ಇಪ್ಪತ್ತು ಮುಖದ ದಾಳ ತಂದ. ಅಲ್ಲಿ ಶುಕ್ರವಾರ ರೂಮಿನವರು ಆಡುತ್ತಿದ್ದ ಆಟವಂತೆ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗೆ ತಮಗೊಂದು ವೇಷ ಬರೆದುಕೊಂಡು ನಡೆಯುತ್ತಾರೆ, ಹೊಡೆದಾಡುತ್ತಾರೆ, ಸಾಯುತ್ತಾರೆ. ಹೊಡೆತ ತಾಗಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಅಂಗಡಿಯ ಮಹಡಿಯ ಮೇಲೆ ಪೈಂಟ್ ಡಬ್ಬಗಳ ನಡುವೆ ನಮ್ಮ ಆಟ. ರಿಜ್ವಾನ್ ಕಥೆಗಾರ, ನಾನು ಮಂತ್ರವಾದಿ, ಹಿಡಿಸೂಡಿ ಕಡ್ಡಿ ನನ್ನ ಮಂತ್ರದಂಡ. ಬಲ್ಮಠದ ಕಾಲೇಜೊಂದರ ಆಫೀಸಿನಲ್ಲಿರುವ ನನ್ನ ಬಾಲ್ಯದ ಗೆಳತಿ ಸುಮನಾ ಗಾಯ ವಾಸಿ ಮಾಡುವ ವೈದ್ಯೆ.

ಮಂತ್ರವಾದಿಯ ಕೈಯಲ್ಲಿ ಮಂತ್ರದಂಡ ಇದ್ದರೆ ದಾಳದಲ್ಲಿ ಬಿದ್ದ ಸಂಖ್ಯೆಗೆ ಒಂದಿಷ್ಟು ಸೇರಿಸಿಕೊಳ್ಳಬಹುದು, ಹೊಡೆತಕ್ಕೆ ಬಲ ಬರುತ್ತದೆ. ಎಷ್ಟು ಸೇರಿಸಬೇಕೆಂದು ಆಟದ ಪುಸ್ತಕದಲ್ಲಿ ಬರೆದಿದೆ. ಆದರೆ ನಾವು ಮೂವರೂ ಊರಿನವರು. ಏನೂ ಕೊಡದೆ ಏನೋ ಸಿಗುತ್ತದೆ ಎಂದರೆ ನಮಗೆ ಸಮಾಧಾನವಿಲ್ಲ. ಹಾಗಾಗಿ ನಮ್ಮದೇ ಒಂದು ನಿಯಮ ಮಾಡಿಕೊಂಡೆವು. ದಂಡಕ್ಕೆ ಬಲ ಬೇಕಾದರೆ ದಾಳ ಹಾಕುವ ಮೊದಲು ಏನಾದರೂ ಕೊಡುತ್ತೇನೆಂದು ಹೇಳಿಕೊಳ್ಳಬೇಕು. ಕೊಟ್ಟಷ್ಟು ಬಲ. ನನ್ನ ಮಂತ್ರವಾದಿ ಈ ಪ್ರಕಾರ ತನ್ನ ಬಂಗಾರದ ಬಳೆ, ಒಂದು ಕುದುರೆ, ಕೊನೆಗೆ ಬಾಲ್ಯದ ನೆನಪುಗಳನ್ನು ಕೂಡ ಕೊಟ್ಟಿದ್ದಳು. ಇದಕ್ಕೆ ಹರಕೆ ಎಂದು ಹೆಸರಿಟ್ಟವಳೂ ನಾನೇ.

ಇನ್ನೊಂದು ನಿಯಮ ಭಾಷೆಯದ್ದು. ರಿಜ್ವಾನನ ಮನೆಯಲ್ಲಿ ಬ್ಯಾರಿ, ಸುಮನಾಳ ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ತುಳು. ಆದ್ದರಿಂದ ಆಟ ಕನ್ನಡದಲ್ಲಿ. ಅನುಕೂಲಕ್ಕೆಂದು ಮಾಡಿದ್ದೇ ಆದರೂ ನನಗೆ ಅದರಲ್ಲಿ ಬೇರೊಂದು ನೆಮ್ಮದಿ ಇತ್ತು. ಕನ್ನಡ ನಮಗೆ ಶಾಲೆಯ ಭಾಷೆ, ಭಾಷಣದ ಭಾಷೆ. ಹೆದರಿದಾಗ, ಹೆರುವಾಗ, ಕೈಮುಗಿಯುವಾಗ ಯಾರೂ ಅದನ್ನು ಬಳಸುವುದಿಲ್ಲ. ದೈವದ ಎದುರು ನಾವು ನಿಲ್ಲುವುದು ತುಳುವಿನಲ್ಲಿ. ಕನ್ನಡದಲ್ಲಿ ಹೇಳಿಕೊಂಡ ಹರಕೆಯನ್ನು ಅತ್ತ ಕಡೆ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಾರರು ಎಂಬುದು ನನ್ನ ಸಿದ್ಧಾಂತವಾಗಿತ್ತು. ಹೀಗೆ ಹೇಳಿದಾಗ ಸುಮನಾ, "ನಿನಗೆ ಮಂಡೆ ಸಮ ಇಲ್ಲ ಮಾರಾಯ್ತಿ" ಎಂದು ನಕ್ಕಿದ್ದಳು.

ಆದರೆ ಒಂದು ಭಾನುವಾರ ಅವಳು ನಗುತ್ತಿರಲಿಲ್ಲ. ಎದೆಯಲ್ಲೊಂದು ಗಂಟು ಸಿಕ್ಕಿ, ಪರೀಕ್ಷೆಗೆ ಕೊಟ್ಟು, ವರದಿಗೆ ಕಾಯುತ್ತಿದ್ದಳು. ವಿಷಯ ನನಗೊಬ್ಬಳಿಗೇ ಗೊತ್ತು. ಏನೂ ಗೊತ್ತಿಲ್ಲದ ರಿಜ್ವಾನ್ ಕಥೆಯಲ್ಲಿ ಬಾವಿಯೊಳಗಿನಿಂದ ಒಂದು ಪ್ರಾಣಿಯನ್ನು ಎಬ್ಬಿಸಿದ. ಅದು ನೇರ ಸುಮನಾಳ ವೈದ್ಯೆಯ ಎದೆಗೇ ಬಾಯಿ ಹಾಕಿತು. ಇನ್ನೊಂದು ಸರದಿ ಕಳೆದರೆ ವೈದ್ಯೆ ಸತ್ತಂತೆ, ಆ ವೇಷ ಬರೆದುಕೊಂಡ ಕಾಗದ ಹರಿಯಬೇಕು. ಸುಮನಾ ಆ ಕಾಗದವನ್ನು ನೋಡುತ್ತಾ ಕೂತಳು. ಅವಳ ಮುಖ ನನಗೆ ನೋಡಲಾಗಲಿಲ್ಲ. ಕಡ್ಡಿ ಎತ್ತಿ, "ಎನ್ನ ಎಡತ ಕೆಬಿ ಕೊರ್ಪೆ" ಎಂದುಬಿಟ್ಟೆ. ನನ್ನ ಎಡಗಿವಿ ಕೊಡುತ್ತೇನೆ ಎಂದು. ಮಂತ್ರವಾದಿಯದ್ದಲ್ಲ, ನನ್ನದು. ಅದೂ ತುಳುವಿನಲ್ಲಿ.

ಕನ್ನಡದಲ್ಲಿ ಹೇಳಿದ್ದರೆ ಜಾರಿಕೊಳ್ಳಬಹುದಿತ್ತು. ಕಿವಿಗೊಡುವುದೆಂದರೆ ಗಮನವಿಟ್ಟು ಕೇಳುವುದು ಎಂದು ಯಾವ ಮೇಷ್ಟ್ರಾದರೂ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದರು. ನಾನು ಅಂದ ಧಾಟಿಯಲ್ಲಿ ಎರಡನೆಯ ಅರ್ಥಕ್ಕೆ ಜಾಗವೇ ಇರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು. ಎಡಗಡೆಯಿಂದ ಯಾರೋ ಮೆಲ್ಲಗೆ "ಆವು" ಎಂದರು. ಆಗಲಿ ಎಂದು ಒಪ್ಪಿಕೊಳ್ಳುವ ಮಾತು. ರಿಜ್ವಾನ್ ಎಂದುಕೊಂಡು ದಾಳ ಹಾಕಿದೆ. ತಾಗಿತು, ಪ್ರಾಣಿ ಬಾವಿಗೆ ಬಿತ್ತು, ವೈದ್ಯೆ ಉಳಿದಳು. ರಿಜ್ವಾನ್ ಕೂತಿದ್ದದ್ದು ನನ್ನ ಬಲಕ್ಕೆ ಎಂಬುದು ಮನೆಗೆ ನಡೆಯುವಾಗ ನೆನಪಾಯಿತು. ಎಡಕ್ಕೆ ಇದ್ದದ್ದು ಒಟ್ಟಿಟ್ಟ ಪಿವಿಸಿ ಪೈಪುಗಳು, ಎಲ್ಲದರ ಬಾಯಿಯೂ ನನ್ನ ಕಡೆಗೆ.

ಪೈಪು ಎಲ್ಲಿಯ ಶಬ್ದವನ್ನೋ ಎಲ್ಲಿಗೋ ತರುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ನನಗಿದು ಗೊತ್ತಿರಲೇಬೇಕು, ಏಕೆಂದರೆ ಅತ್ತಾವರದ ಒಂದು ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷಿಸುವುದೇ ನನ್ನ ಕಸುಬು. ಇಷ್ಟು ಹೊತ್ತು ಇದನ್ನು ಹೇಳದಿದ್ದದ್ದು ನೀವು ನಗುತ್ತೀರೆಂಬ ನಾಚಿಕೆಯಿಂದ. ಮಂಗಳವಾರ ಬೆಳಗ್ಗೆ ಫೋನನ್ನು ಎಡಗಿವಿಗೆ ಹಿಡಿದೆ. ಏನೂ ಇರಲಿಲ್ಲ.

ನನ್ನದೇ ಕ್ಲಿನಿಕ್ಕಿನ ಶಬ್ದವಿಲ್ಲದ ಕೋಣೆಯಲ್ಲಿ, ರೋಗಿಗಳ ಕುರ್ಚಿಯಲ್ಲಿ ಕೂತೆ. ಶಬ್ದ ಕೇಳಿದಾಗ ಬಟನ್ ಒತ್ತಬೇಕು. ನನ್ನ ಸಹಾಯಕಿ ಗಾಜಿನ ಆಚೆಯಿಂದ ಬಲಗಿವಿ ಮುಗಿಸಿ ಎಡಗಿವಿಗೆ ಬಂದಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆದು, "ಮೇಡಂ, ಜೋರು ಕೊಟ್ಟಾಗ ನೀವು ಒತ್ತಲಿಲ್ಲ. ನಾನು ಎಂತ ಕೊಡದಿದ್ದಾಗ ಒತ್ತಿದ್ರಿ" ಎಂದಳು. ಕೆಟ್ಟ ಕಿವಿ ತಾನೇ ಶಬ್ದ ಹುಟ್ಟಿಸಿಕೊಳ್ಳುತ್ತದೆ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ನಾನು ಒತ್ತಿದ್ದು ಶಬ್ದಕ್ಕಲ್ಲ. ನನ್ನ ಕಿವಿಯನ್ನು ಬೇರೆ ಯಾರೋ ಹಚ್ಚಿಕೊಂಡು ಕೂತು, ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ ಅನಿಸಿದ್ದಕ್ಕೆ.

ವೈರಸ್ ಇರಬಹುದು, ರಕ್ತನಾಳ ಇರಬಹುದು, ಹೆಚ್ಚಿನ ಸಲ ಕಾರಣವೇ ಸಿಗುವುದಿಲ್ಲ ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಮರುದಿನ ಸುಮನಾಳ ಫೋನ್ ಬಂತು, ಬಲಗಿವಿಗೆ. "ಎಂತ ಇಲ್ಲ ಅಂತೆ ಮಾರಾಯ್ತಿ. ಬರೀ ಕೊಬ್ಬಿನ ಗಂಟು." ಇಬ್ಬರೂ ಅತ್ತೆವು. ಅಳುತ್ತಲೇ ನನ್ನ ಕೈ ಎಡಗಿವಿಗೆ ಹೋಯಿತು.

ಔಷಧಿಗೆಲ್ಲ ಕಿವಿ ಬಗ್ಗಲಿಲ್ಲ. ಕೊನೆಗೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಅದೇ ಹೆದರಿಕೆಯಾದದ್ದು. "ಹಿಡಿಸೂಡಿ ಕಡ್ಡಿಯಲ್ಲಿ ನಾವು ದೃಷ್ಟಿ ತೆಗೆಯುವುದು. ಆಟಕ್ಕೆ ಬೇರೆ ಕಡ್ಡಿ ಸಿಗಲಿಲ್ವಾ ನಿನಗೆ?" ಎಂದರು. ಆಮೇಲೆ, "ಇರ್ಲಿ. ಕಿವಿ ಹೇಳಿಕೊಂಡರೆ ಬೆಳ್ಳಿಯ ಕಿವಿ ಒಪ್ಪಿಸಿದರೆ ಆಯ್ತು, ಅದಕ್ಕೆ ದಾರಿ ಉಂಟು. ಯಾರಿಗೆ ಹೇಳಿಕೊಂಡದ್ದು?"

"ಯಾರ ಹೆಸರೂ ಹೇಳಲಿಲ್ಲ."

ಅಮ್ಮ ಎದ್ದು ಹೋಗಿ ಹಿಡಿಸೂಡಿಯನ್ನು ಬಾಗಿಲ ಹಿಂದೆ ಇಟ್ಟು ಬಂದರು. "ಹಾಗಾದರೆ ಯಾರು ಕೇಳಿಸಿಕೊಂಡರೋ ಅವರದ್ದು" ಎಂದರು. ನೋಡಿ, ವಿಳಾಸವಿಲ್ಲದ ಪತ್ರವನ್ನು ಅಂಚೆಯವರಾದರೂ ವಾಪಸು ಕಳಿಸುತ್ತಾರೆ. ಬೆಳ್ಳಿಯ ಕಿವಿಯನ್ನು ಹಿಡಿದುಕೊಂಡು ನಾನು ಯಾವ ಗುಡಿಯ ಬಾಗಿಲಿಗೆ ಹೋಗಲಿ? ನಂಬುವವರ ಕಷ್ಟಕ್ಕೆ ಪರಿಹಾರ ಇದೆ. ನಂಬದೆ ಹೆದರುವವರನ್ನು ಯಾರೂ ವಿಚಾರಿಸುವುದಿಲ್ಲ.

ತಿಂಗಳ ಮೇಲೆ ಮತ್ತೆ ಆಟಕ್ಕೆ ಹೋದೆ. ಕಿವಿಯ ಕಥೆಯನ್ನೆಲ್ಲ ಫೋನಿನಲ್ಲೇ ಕೇಳಿದ್ದ ರಿಜ್ವಾನ್ ಪೈಪುಗಳನ್ನೆಲ್ಲ ಕೆಳಗೆ ಸಾಗಿಸಿದ್ದ. ಪಾಪ, ಎಲ್ಲ ತನ್ನಿಂದಲೇ ಆಯಿತೆಂಬಂತೆ ಬಾಡಿಹೋಗಿದ್ದ. "ಅಕ್ಕ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೂ ಒಂದು ಕೆಲಸ ಮಾಡುವ. ಕಥೆ ಹೇಳುವವನು ನಾನಲ್ವಾ? ಆ ಹೊಡೆತ ತಾಗಲೇ ಇಲ್ಲ ಅಂತ ಹೇಳ್ತೇನೆ. ಹೊಡೆತ ಇಲ್ಲದಿದ್ರೆ ಹರಕೆಯೂ ಇಲ್ಲ. ನಿಮ್ಮ ಕಿವಿ ನಿಮಗೆ ವಾಪಸ್."

ಎಷ್ಟು ಸರಳ ನೋಡಿ. ಇಷ್ಟು ದಿನ ಯಾವ ಡಾಕ್ಟರಿಗೂ ಹೊಳೆಯದ ಚಿಕಿತ್ಸೆ. ನನ್ನ ಕಸುಬಿಗೆ ಎರಡು ಕಿವಿ ಬೇಕು; ಒಂದು ಕಿವಿಯಲ್ಲಿ ರಸ್ತೆ ದಾಟುವಾಗ ಬಸ್ಸು ಯಾವ ಕಡೆಯಿಂದ ಬರುತ್ತದೆಂದು ತಿಳಿಯುವುದಿಲ್ಲ. ನಾನು ವಿಜ್ಞಾನ ಓದಿದವಳು. ಆಟದಲ್ಲಿ ಒಂದು ವಾಕ್ಯ ಬದಲಾದರೆ ಏನೂ ಆಗುವುದಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ ಎಂದು ಸಂಶಯವಿಲ್ಲದೆ ಗೊತ್ತು.

"ಹಾಗೇ ಮಾಡಿ ರಿಜ್ವಾನ್" ಎಂದಳು ಸುಮನಾ, ತನ್ನ ವೈದ್ಯೆಯ ಕಾಗದವನ್ನು ಹರಿಯಲು ಮಡಚುತ್ತಾ. "ನಾನು ಸಾಯ್ತೇನೆ, ಅದರಲ್ಲಿ ಎಂತ ಉಂಟು?"

"ಬೇಡ" ಎಂದೆ. ಒಂದೇ ಕಿವಿಯವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ; ಕೆಳಗೆ ರಸ್ತೆಗೂ ಕೇಳಿಸಿರಬೇಕು. ಇಬ್ಬರೂ ನನ್ನ ಮುಖ ನೋಡಿದರು. ನಾನು ಸುಮನಾಳ ಕೈಯಿಂದ ಆ ಕಾಗದ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡಿದೆ.